ನಿಮ್ಮೂರಿನಲ್ಲೊಂದು ಲಿನಕ್ಸ್ ಕೂಟ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಇನ್ನೊಂದು ವರ್ಷದ ವಾಯಿದೆ ಕೊಟ್ಟಿತಾದರೂ ಅದು ಬರೀ ವಾಯಿದೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಚಿಪ್ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆಗಿದ್ದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು ಎನ್ನುತ್ತದೆ. ಯಾವುದಾದರೂ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಗೆ, ಹಳೆಯ ಅನುದಾನಿತ ಶಾಲೆಯ ಕಂಪ್ಯೂಟರ್ ಕೋಣೆಗೆ, ಸಹಕಾರ ಸಂಘದ ಕಚೇರಿಗೆ ಹೋಗಿ ನೋಡಿ. ಆ ಅರ್ಹತೆ ಇಲ್ಲದ ಯಂತ್ರಗಳು ಒಂದಲ್ಲ ಒಂದು ಮೇಜಿನ ಮೇಲೆ ಕಂಡೇ ಕಾಣುತ್ತವೆ. ಅವು ಕೆಟ್ಟಿಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತವೆ.

ಹಾಕುವವರು ಯಾರು? ಲಿನಕ್ಸ್ ಉಚಿತ, ಮಾಹಿತಿ ಬೇಕಾದಷ್ಟಿದೆ, ವಿಡಿಯೊಗಳೂ ಇವೆ. ಆದರೂ ಶಾಲೆಯ ಮೇಷ್ಟರು ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುತ್ತಾರೆ. ಊರಿನಲ್ಲಿ ಎದುರು ಕೂತು ಕೇಳಲು ಒಬ್ಬರೂ ಇಲ್ಲದಿರುವುದೇ ಅದಕ್ಕೆ ಕಾರಣ. ಈ ಕೊರತೆಯನ್ನು ಸರ್ಕಾರವೋ ಕಂಪನಿಯೋ ಬಂದು ತುಂಬುತ್ತದೆ ಎಂಬ ನಂಬಿಕೆ ನನಗಿಲ್ಲ. ಊರಿನ ಮೂರ್ನಾಲ್ಕು ಮಂದಿ ಸೇರಿ ಕಟ್ಟುವ ಬಳಕೆದಾರರ ಕೂಟ ಮಾತ್ರ ಇದನ್ನು ತುಂಬಬಲ್ಲದು. ಇಂಥ ಕೂಟ ಕಟ್ಟಲು ಪರಿಣತಿಗಿಂತ ಹೆಚ್ಚಾಗಿ ಬೇಕಿರುವುದು ಹೇಳಿದ ದಿನ, ಹೇಳಿದ ಹೊತ್ತಿಗೆ, ಹೇಳಿದ ಜಾಗದಲ್ಲಿ ತಪ್ಪದೆ ಇರುವ ನಿಷ್ಠೆ. ಈ ಲೇಖನದಲ್ಲಿ ಉಳಿದದ್ದೆಲ್ಲ ಅದರ ವಿವರಣೆ.

ಹಿಂದಿನವರು ಹೇಗೆ ಸೇರಿದರು

ಬಳಕೆದಾರರು ತಾವೇ ಸೇರಿ ಕಲಿಯುವುದು ಕಂಪ್ಯೂಟರಿನಷ್ಟೇ ಹಳೆಯ ರೂಢಿ. 1955ರಲ್ಲೇ ಲಾಸ್ ಏಂಜಲಿಸ್ ಸುತ್ತಮುತ್ತ ಐಬಿಎಂನ ದೊಡ್ಡ ಯಂತ್ರಗಳನ್ನು ಬಳಸುತ್ತಿದ್ದವರು ‘ಶೇರ್’ ಎಂಬ ಗುಂಪು ಕಟ್ಟಿ, ಬರೆದ ಪ್ರೋಗ್ರಾಮುಗಳನ್ನು ಪರಸ್ಪರ ಹಂಚಿಕೊಂಡರು. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿತು. ಅಂದು ಅಲ್ಲಿ ಕೂತವರಲ್ಲಿ ಸ್ಟೀವ್ ವಾಜ್ನಿಯಾಕ್ ಒಬ್ಬರು. ಆ ಸಂಜೆಯೇ ಆ್ಯಪಲ್ ಕಂಪ್ಯೂಟರಿಗೆ ಪ್ರೇರಣೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಆ ಕ್ಲಬ್ಬಿನ ಸಭೆ ನಡೆಯುತ್ತಿದ್ದ ರೀತಿ ಇಂದಿಗೂ ನಮ್ಮ ಕೂಟಗಳಿಗೆ ಹೊಂದುತ್ತದೆ. ಲೀ ಫೆಲ್ಸನ್‌ಸ್ಟೈನ್ ನಡೆಸುತ್ತಿದ್ದ ಸಭೆಗೆ ಎರಡು ಭಾಗ. ಮೊದಲ ಭಾಗದಲ್ಲಿ ಒಬ್ಬೊಬ್ಬರಾಗಿ ಎದ್ದು ತಮಗೇನು ಗೊತ್ತಿದೆ, ಏನು ಬೇಕಾಗಿದೆ, ಏನು ಕೇಳಿಬಂದಿದೆ ಎಂದು ಒಂದೆರಡು ಮಾತಿನಲ್ಲಿ ಹೇಳುವುದು. ಎರಡನೆಯ ಭಾಗದಲ್ಲಿ ಕುರ್ಚಿ ಬಿಟ್ಟೆದ್ದು, ಯಾರಿಗೆ ಯಾರು ಬೇಕೋ ಅವರನ್ನು ಹುಡುಕಿಕೊಂಡು ಹೋಗಿ ಮಾತಾಡುವುದು. ಸಭೆಯೆಂದರೆ ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಎಂದು ರೂಢಿಯಾಗಿರುವ ನಮ್ಮಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. ಕೂಟಕ್ಕೆ ವೇದಿಕೆ ಬೇಡ, ಹಾರ ಬೇಡ, ನೆನಪಿನ ಕಾಣಿಕೆಯೂ ಬೇಡ. ವೃತ್ತಾಕಾರದಲ್ಲಿ ಹಾಕಿದ ಕುರ್ಚಿಗಳು ಸಾಕು.

ಕರ್ನಾಟಕಕ್ಕೂ ಈ ವಿಷಯದಲ್ಲಿ ಹೆಮ್ಮೆಪಡುವ ಇತಿಹಾಸವಿದೆ. 1990ರ ದಶಕದಲ್ಲಿ ಇಂಟರ್ನೆಟ್ ನಿಧಾನವಾಗಿದ್ದ ಕಾಲಕ್ಕೆ ಲಿನಕ್ಸ್ ಬೇಕೆಂದರೆ ಸಿಡಿಯೇ ಗತಿ. ಪಿಸಿಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಟ್ಟಾಗ ಎಷ್ಟೋ ಮಂದಿ ಅದನ್ನು ಮೊದಲ ಸಲ ಕಂಡರು. ಬೆಂಗಳೂರಿನ ಅತುಲ್ ಚಿಟ್ನಿಸ್ ಆ ಕೆಲಸದ ಹಿಂದಿದ್ದವರು. ಅವರೂ ಬೆಂಗಳೂರಿನ ಲಿನಕ್ಸ್ ಬಳಕೆದಾರರ ಗುಂಪಿನ ಗೆಳೆಯರೂ ಸೇರಿ 2001ರಲ್ಲಿ ಶುರುಮಾಡಿದ ‘ಲಿನಕ್ಸ್ ಬೆಂಗಳೂರು’ ಸಮಾವೇಶ 2005ರಲ್ಲಿ ‘ಫಾಸ್ ಡಾಟ್ ಇನ್’ ಎಂಬ ಹೆಸರು ಪಡೆದು 2012ರವರೆಗೆ ನಡೆಯಿತು. ದೇಶದ ಮೊದಲ ಪೈಕಾನ್ ಸಮ್ಮೇಳನ 2009ರ ಸೆಪ್ಟೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆದದ್ದರ ಹಿಂದೆಯೂ ‘ಬ್ಯಾಂಗ್‌ಪೈಪರ್ಸ್’ ಎಂಬ ಬೆಂಗಳೂರಿನ ಪೈಥಾನ್ ಬಳಕೆದಾರರ ಕೂಟವಿತ್ತು. ಕರ್ನಾಟಕದ ಮುಕ್ತ ತಂತ್ರಾಂಶ ಚಳವಳಿ, ಅಂದರೆ ಎಫ್‌ಎಸ್‌ಎಂಕೆ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿ ಗುಂಪುಗಳನ್ನು ಕಟ್ಟಿತು. ಜೊತೆಗೆ ಬೆಂಗಳೂರಿನ ಸುದರ್ಶನ್ ಲೇಔಟ್ ಕೊಳೆಗೇರಿಯ ಮಕ್ಕಳಿಗಾಗಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರಕ್ಕೂ ಅದರ ಕಾರ್ಯಕರ್ತರು ಹೆಗಲು ಕೊಟ್ಟರು. ಈ ಕೊನೆಯ ಉದಾಹರಣೆ ನನಗೆ ಎಲ್ಲಕ್ಕಿಂತ ಪ್ರಿಯ. ಹಳೆಯ ಯಂತ್ರ ಮತ್ತು ಮುಕ್ತ ತಂತ್ರಾಂಶ ಇದ್ದರೆ, ಭಾನುವಾರ ಬಂದು ಕೂರುವ ಕೆಲವರು ಒಂದು ಕೇರಿಯಲ್ಲೂ ಕಲಿಕೆಯ ಜಾಗ ಮಾಡಬಲ್ಲರು ಎಂದು ಅದು ತೋರಿಸಿತು. ಬೆಂಗಳೂರಿನಲ್ಲಿ ಆದದ್ದು ಗದಗದಲ್ಲಿ, ಸಾಗರದಲ್ಲಿ, ಸಿಂಧನೂರಿನಲ್ಲಿ ಆಗಬಾರದೆಂದೇನಿಲ್ಲ.

ಮೊದಲು ಇನ್ನಿಬ್ಬರು

ಒಬ್ಬರೇ ಶುರುಮಾಡಿದ ಕೂಟ ಆ ಒಬ್ಬರ ಮನೆಯ ಮದುವೆಗೆ, ಜ್ವರಕ್ಕೆ, ವರ್ಗಾವಣೆಗೆ ನಿಂತುಹೋಗುತ್ತದೆ. ಹಾಗಾಗಿ ಪ್ರಕಟಣೆಗೆ ಮೊದಲು ಇನ್ನಿಬ್ಬರನ್ನು ಹುಡುಕಿ. ಒಬ್ಬರು ಕಾಲೇಜಿನ ಹುಡುಗರಾಗಿದ್ದರೆ ಸಂತೋಷ, ಆದರೆ ಮೂವರೂ ವಿದ್ಯಾರ್ಥಿಗಳಾಗುವುದು ಬೇಡ. ಕೊನೆಯ ವರ್ಷದ ಪರೀಕ್ಷೆ ಮುಗಿದೊಡನೆ ಅವರು ಬೆಂಗಳೂರಿಗೋ ಪುಣೆಗೋ ಹೊರಡುತ್ತಾರೆ, ಕೂಟವೂ ಅವರೊಡನೆ ಹೊರಟುಹೋಗುತ್ತದೆ. ಊರು ಬಿಡದವರು ಬೇಕು: ಪಾಲಿಟೆಕ್ನಿಕ್ಕಿನ ಉಪನ್ಯಾಸಕಿ, ಡಿಟಿಪಿ ಅಂಗಡಿ ನಡೆಸುವವರು, ಬ್ಯಾಂಕಿನ ನೌಕರ, ಪ್ರೌಢಶಾಲೆಯ ವಿಜ್ಞಾನದ ಮೇಷ್ಟರು, ನಿವೃತ್ತರಾದ ಬಿಎಸ್ಸೆನ್ನೆಲ್ ಎಂಜಿನಿಯರು. ಅವರಿಗೆ ಲಿನಕ್ಸ್ ಗೊತ್ತಿರಲೇಬೇಕೆಂದಿಲ್ಲ. ಕಲಿಯುವ ಹಸಿವಿದ್ದು ಭಾನುವಾರ ಬೆಳಿಗ್ಗೆ ಎದ್ದು ಬರುವವರಾದರೆ ಸಾಕು.

ಮೂವರೂ ಒಂದೇ ಊರಿನ ಮೂರು ಬೇರೆ ಬೇರೆ ವಲಯಗಳಿಂದ ಬಂದರೆ ಅದರ ಲಾಭ ಆಮೇಲೆ ಕಾಣುತ್ತದೆ. ಮೇಷ್ಟರ ಮೂಲಕ ಶಾಲೆಗಳು, ಡಿಟಿಪಿಯವರ ಮೂಲಕ ಅಂಗಡಿ ಬೀದಿ, ಉಪನ್ಯಾಸಕಿಯ ಮೂಲಕ ಹೆಣ್ಣುಮಕ್ಕಳು ಕೂಟಕ್ಕೆ ಬರುತ್ತಾರೆ. ಎಲ್ಲರೂ ಒಂದೇ ಹಾಸ್ಟೆಲಿನವರಾದರೆ ಕೂಟವೂ ಹಾಸ್ಟೆಲಿನ ಆಚೆ ಬೆಳೆಯುವುದಿಲ್ಲ.

ದಿನ ಮತ್ತು ಜಾಗ

‘ಎಲ್ಲರಿಗೂ ಅನುಕೂಲವಾದ ದಿನ’ವನ್ನು ಹುಡುಕುತ್ತ ಕೂತರೆ ಆ ದಿನ ಬರುವುದೇ ಇಲ್ಲ. ವಾಟ್ಸ್‌ಆ್ಯಪಿನಲ್ಲಿ ಮತ ಕೇಳುವುದನ್ನು ಬಿಟ್ಟು, ‘ಪ್ರತಿ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆ’ ಎಂದು ಮೂವರೇ ನಿರ್ಧರಿಸಿ. ಅದರ ಹಿಂದಿನ ದಿನ ಸಾಮಾನ್ಯವಾಗಿ ಎರಡನೆಯ ಶನಿವಾರದ ಸರ್ಕಾರಿ ರಜೆಯಾದ್ದರಿಂದ ಹೊರಗೆ ಕೆಲಸ ಮಾಡುವವರು ಆ ವಾರಾಂತ್ಯ ಊರಿಗೆ ಬಂದಿರುತ್ತಾರೆ. ಅವರಲ್ಲಿ ಒಬ್ಬಿಬ್ಬರು ನುರಿತ ಪ್ರೋಗ್ರಾಮರುಗಳೂ ಇರಬಹುದು. ಭಾನುವಾರ ಸಂತೆ ನಡೆಯುವ ಊರಾದರೆ ಶನಿವಾರವೇ ಸರಿ. ದಿನ ಯಾವುದಾದರೂ ಆಗಲಿ, ಹನ್ನೆರಡೂ ತಿಂಗಳು ಬದಲಾಗಬಾರದು. ಆಗ ಆರು ತಿಂಗಳು ಬಾರದೆ ಇದ್ದವರೂ ಯಾರನ್ನೂ ಕೇಳದೆ ಏಳನೆಯ ತಿಂಗಳು ನೇರ ಬಂದು ಬಾಗಿಲು ತಳ್ಳಬಹುದು.

ಸಂಜೆಯ ಸಭೆಯನ್ನು ನಾನು ಒಪ್ಪುವುದಿಲ್ಲ. ಕತ್ತಲಾದ ಮೇಲೆ ಮುಗಿಯುವ ಸಭೆಗೆ ಹಳ್ಳಿಯಿಂದ ಬರುವವರು ಕೊನೆಯ ಬಸ್ಸಿನ ಚಿಂತೆಯಲ್ಲೇ ಕೂತಿರುತ್ತಾರೆ. ಹೆಣ್ಣುಮಕ್ಕಳಿಗೆ ಮನೆಯಿಂದ ಅನುಮತಿ ಸಿಗುವುದೂ ಕಷ್ಟ. ಬೆಳಿಗ್ಗೆ ಇಟ್ಟುಕೊಂಡರೆ ಈ ಎರಡೂ ತೊಡಕು ಕಳೆಯುತ್ತವೆ.

ಜಾಗವೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್. ಅಲ್ಲಿ ಪ್ರೊಜೆಕ್ಟರ್, ಇಂಟರ್ನೆಟ್, ಯುಪಿಎಸ್ ಎಲ್ಲ ಇರುತ್ತದೆ, ನಿಜ. ಆದರೆ ಗೇಟಿನಲ್ಲಿ ಗುರುತಿನ ಚೀಟಿ ಕೇಳುವ ಕಾವಲುಗಾರನ ಮುಂದೆ ಜೆರಾಕ್ಸ್ ಅಂಗಡಿಯವರು, ಮನೆಯಾಕೆ, ಐಟಿಐ ಹುಡುಗ ಹಿಂಜರಿದು ನಿಲ್ಲುತ್ತಾರೆ. ಪ್ರಾಂಶುಪಾಲರು ಬದಲಾದರೆ ಅನುಮತಿಯೂ ಬದಲಾಗುತ್ತದೆ. ಆದ್ದರಿಂದ ಯಾರು ಬೇಕಾದರೂ ಕೇಳದೆ ಒಳಬರಬಹುದಾದ ಜಾಗಕ್ಕೆ ಮೊದಲ ಆದ್ಯತೆ ಕೊಡಿ. ನಗರ ಕೇಂದ್ರ ಗ್ರಂಥಾಲಯದ ಮೇಲ್ಮಹಡಿಯ ಕೋಣೆ, ಸಾಹಿತ್ಯ ಪರಿಷತ್ತಿನ ಭವನ, ಭಾನುವಾರ ಖಾಲಿ ಇರುವ ಟ್ಯೂಷನ್ ಕೇಂದ್ರ, ಸರ್ಕಾರಿ ಪ್ರೌಢಶಾಲೆಯ ಕೊಠಡಿ ಎಲ್ಲವೂ ಆದೀತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವೆಡೆ ಕಂಪ್ಯೂಟರುಗಳೂ ಬಂದಿವೆ, ದೊಡ್ಡ ಹಳ್ಳಿಯವರು ಅಲ್ಲಿಂದಲೇ ಶುರುಮಾಡಬಹುದು. ಓದುವ ಸಭಾಂಗಣದಲ್ಲಿ ಮಾತ್ರ ಬೇಡ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗೆ ತೊಂದರೆಯಾಗುತ್ತದೆ.

ಕೋಣೆ ನೋಡಲು ಹೋದಾಗ ಪ್ಲಗ್ ಪಾಯಿಂಟುಗಳನ್ನು ಎಣಿಸಿ. ಹತ್ತು ಮಂದಿ ಲ್ಯಾಪ್‌ಟಾಪ್ ತಂದಾಗ ಎರಡೇ ಸಾಕೆಟ್ ಇದ್ದರೆ ಅರ್ಧ ಸಭೆ ಅಲ್ಲೇ ಮುಗಿಯಿತು. ಗಟ್ಟಿ ತಂತಿಯ ಎಕ್ಸ್‌ಟೆನ್ಷನ್ ಬೋರ್ಡು ಎರಡು, ಮೂರು ಪಿನ್ನಿನ ಅಡಾಪ್ಟರ್ ನಾಲ್ಕು, ಎಚ್‌ಡಿಎಂಐ ಮತ್ತು ವಿಜಿಎ ಕೇಬಲ್ ಒಂದೊಂದು: ಇಷ್ಟನ್ನು ಒಂದು ಚೀಲದಲ್ಲಿ ಹಾಕಿ ಕೂಟದ ಆಸ್ತಿಯೆಂದು ಇಟ್ಟುಕೊಳ್ಳಿ. ಕರೆಂಟು ಹೋಗಬಹುದೆಂದು ತಿಳಿದೇ ಕಾರ್ಯಕ್ರಮ ಹಾಕಿ. ಪ್ರೊಜೆಕ್ಟರ್ ಇಲ್ಲದೆಯೂ ನಡೆಯುವ ಒಂದು ಮಾತುಕತೆ ಯಾವಾಗಲೂ ಕೈಯಲ್ಲಿರಲಿ.

ಮೊದಲ ಕಾರ್ಯಕ್ರಮ ಇನ್‌ಸ್ಟಾಲ್ ಶಿಬಿರವೇ ಆಗಲಿ

‘ಲಿನಕ್ಸ್ ಎಂದರೇನು’ ಎಂಬ ಉಪನ್ಯಾಸದಿಂದ ಆರಂಭಿಸಿದರೆ ಕೇಳಲು ಬಂದವರು ಕೇಳಿ ಹೋಗುತ್ತಾರೆ. ‘ನಿಮ್ಮ ಹಳೆಯ ಕಂಪ್ಯೂಟರ್ ತನ್ನಿ, ಅದಕ್ಕೆ ಮರುಜೀವ ಕೊಡೋಣ’ ಎಂದು ಕರೆದರೆ ಬಂದವರು ಮನೆಗೆ ಏನನ್ನೋ ಒಯ್ಯುತ್ತಾರೆ, ಮುಂದಿನ ತಿಂಗಳು ಅದರ ಸಮಸ್ಯೆ ಹೊತ್ತು ಮತ್ತೆ ಬರುತ್ತಾರೆ. ಹಾಗೆ ಮರಳಿ ಬರುವವರಿಂದಲೇ ಕೂಟ ಉಳಿಯುತ್ತದೆ.

ಈ ಶಿಬಿರಕ್ಕೆ ಎರಡು ವಾರದ ತಯಾರಿ ಬೇಕು. ಡಿಸ್ಟ್ರೋ, ಅಂದರೆ ಲಿನಕ್ಸಿನ ಬಗೆ, ಯಾವುದೆಂಬ ಚರ್ಚೆಯನ್ನು ಒಂದೇ ಮಾತಿನಲ್ಲಿ ಮುಗಿಸಿ: ಹೊಸಬರಿಗೆ ಲಿನಕ್ಸ್ ಮಿಂಟ್. ವಿಂಡೋಸಿನಿಂದ ಬಂದವರಿಗೆ ಅದರ ಮೆನು ಅಪರಿಚಿತವೆನಿಸುವುದಿಲ್ಲ. ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ. 2 ಜಿಬಿ ರ‍್ಯಾಮ್ ಇದ್ದರೂ ಅದು ಓಡುತ್ತದೆ, 4 ಜಿಬಿ ಇದ್ದರೆ ಹಿತ. ತೀರ ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ನಿಮಗೆ ಫೆಡೋರಾ ಇಷ್ಟವೋ ಆರ್ಚ್ ಇಷ್ಟವೋ ಇರಬಹುದು, ಆ ಪ್ರೀತಿಯನ್ನು ನಾಲ್ಕನೆಯ ತಿಂಗಳ ಮಾತುಕತೆಗೆ ಉಳಿಸಿಕೊಳ್ಳಿ. ಹತ್ತು ಮಂದಿ ಹತ್ತು ಬಗೆಯ ಲಿನಕ್ಸ್ ಒಯ್ದರೆ ಆಮೇಲೆ ಸಹಾಯ ಮಾಡುವವರಿಗೆ ಹತ್ತು ಪಾಲು ಕೆಲಸ.

ಐಎಸ್‌ಒ ಎಂಬ ಇನ್‌ಸ್ಟಾಲ್ ಕಡತ ಒಂದೊಂದೂ ಹಲವು ಜಿಬಿ ಇರುವುದರಿಂದ ಶಿಬಿರದ ದಿನ ಇಳಿಸಿಕೊಳ್ಳುತ್ತೇವೆಂದು ಕೂರಬಾರದು. ಮೊದಲೇ ಇಳಿಸಿ, ಚೆಕ್‌ಸಮ್ ತಾಳೆ ನೋಡಿ, ‘ವೆಂಟಾಯ್’ ಎಂಬ ಉಚಿತ ಸಾಧನದಿಂದ ನಾಲ್ಕೈದು ಪೆನ್‌ಡ್ರೈವ್ ಸಿದ್ಧಮಾಡಿ. ವೆಂಟಾಯ್ ಹಾಕಿದ ಒಂದೇ ಪೆನ್‌ಡ್ರೈವಿನಲ್ಲಿ ಬೇರೆ ಬೇರೆ ಆವೃತ್ತಿಗಳ ಕಡತಗಳನ್ನು ಸುಮ್ಮನೆ ಕಾಪಿ ಮಾಡಿಟ್ಟು, ಬೂಟ್ ಆಗುವಾಗ ಬೇಕಾದ್ದನ್ನು ಆರಿಸಬಹುದು.

ಯಂತ್ರ ಬಂದೊಡನೆ ಮುಟ್ಟುವ ಮೊದಲು ಮಾಲೀಕರಿಗೆ ಒಂದು ಚೀಟಿ ಕೊಡಿ. ಅದರಲ್ಲಿ ಮೂರು ಪ್ರಶ್ನೆ ಇರಲಿ. ಫೋಟೊ, ಕಾಗದಪತ್ರಗಳ ಪ್ರತಿಯನ್ನು ಬೇರೆ ಕಡೆ ತೆಗೆದಿಟ್ಟಿದ್ದೀರಾ? ಈ ಯಂತ್ರದಲ್ಲಿ ಯಾವ ಕೆಲಸ ಮಾಡುತ್ತೀರಿ? ಯಾವ ಪ್ರಿಂಟರ್ ಬಳಸುತ್ತೀರಿ? ಮೊದಲ ಪ್ರಶ್ನೆಗೆ ‘ಇಲ್ಲ’ ಎಂದವರ ಯಂತ್ರಕ್ಕೆ ಅಂದು ಇನ್‌ಸ್ಟಾಲ್ ಮಾಡಲೇಬೇಡಿ, ಎಷ್ಟು ಒತ್ತಾಯಿಸಿದರೂ. ಮಗಳ ಮದುವೆಯ ಫೋಟೊ ಕಳೆದುಕೊಂಡವರ ನೋವು ದೊಡ್ಡದು, ಆ ಸುದ್ದಿ ಊರೆಲ್ಲ ಹರಡಿದರೆ ಕೂಟದ ಹೆಸರೂ ಉಳಿಯುವುದಿಲ್ಲ. ಅವರ ಜೊತೆ ಕೂತು ಬ್ಯಾಕಪ್ ತೆಗೆದುಕೊಡಿ, ಅದೂ ಸೇವೆಯೇ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ಮಾಲೀಕರಿಗೇ ತಿಳಿಯದಂತೆ ಚಾಲೂ ಇರಬಹುದು. ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳದೆ ಬಯಾಸ್ ಸೆಟ್ಟಿಂಗ್ ಮುಟ್ಟಬಾರದು.

ಎರಡು ಮತ್ತು ಮೂರನೆಯ ಪ್ರಶ್ನೆಗಳು ಪ್ರಾಮಾಣಿಕತೆಯ ಪರೀಕ್ಷೆ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರು, ಕೋರೆಲ್‌ಡ್ರಾದಲ್ಲಿ ಲಗ್ನಪತ್ರಿಕೆ ಮಾಡುವವರು ಬಂದರೆ ‘ನಿಮ್ಮ ಕೆಲಸದ ಯಂತ್ರಕ್ಕೆ ಇದು ಬೇಡ, ಮನೆಯ ಇನ್ನೊಂದಕ್ಕೆ ಹಾಕೋಣ’ ಎಂದು ಹೇಳಿ. ನಮ್ಮ ಜೆರಾಕ್ಸ್ ಅಂಗಡಿಗಳ ಅಚ್ಚುಮೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸಿನಲ್ಲಿ ಸಲೀಸಾಗಿ ಓಡುವುದಿಲ್ಲ; ಅದು ಬಳಸುವುದು ಕ್ಯಾನನ್ನಿನದೇ ಆದ ಮುಚ್ಚಿದ ವ್ಯವಸ್ಥೆ. ಎಚ್‌ಪಿ ಪ್ರಿಂಟರುಗಳಲ್ಲಿ ಹೆಚ್ಚಿನವು ಎಚ್‌ಪಿಲಿಪ್ ತಂತ್ರಾಂಶದಿಂದ ಚೆನ್ನಾಗಿ ನಡೆಯುತ್ತವೆ. ಇದನ್ನೆಲ್ಲ ಮೊದಲೇ ಹೇಳುವ ಕೂಟವನ್ನು ಜನ ನಂಬುತ್ತಾರೆ. ಲಿನಕ್ಸಿನ ಮೇಲಿನ ಪ್ರೀತಿಯಿಂದ ಒಬ್ಬರ ಹೊಟ್ಟೆಪಾಡಿನ ಯಂತ್ರ ಕೆಡಿಸುವ ಹಕ್ಕು ನಮಗಿಲ್ಲ.

ಇನ್‌ಸ್ಟಾಲ್ ಮಾಡುವ ಮುನ್ನ ಪೆನ್‌ಡ್ರೈವಿನಿಂದಲೇ ಲೈವ್ ಆಗಿ ಓಡಿಸಿ ವೈಫೈ, ಧ್ವನಿ, ಟಚ್‌ಪ್ಯಾಡ್ ಪರೀಕ್ಷಿಸಿ. ಆಮೇಲೆ ಎಲ್ಲರೂ ಕೇಳುವುದು ಒಂದೇ: ‘ಇದರಲ್ಲಿ ಕನ್ನಡ ಬರುತ್ತಾ? ನುಡಿ ಎಲ್ಲಿ?’ ಇದಕ್ಕೆ ತಡವರಿಸದೆ ಉತ್ತರ ಕೊಡಬೇಕು. ಐಬಸ್ ಮತ್ತು ಎಂ17ಎನ್ ಎಂಬ ಬೆರಳಚ್ಚು ತಂತ್ರಾಂಶಗಳನ್ನು ಹಾಕಿದರೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ಅಂದರೆ ನುಡಿಯಲ್ಲಿ ಬೆರಳಿಗೆ ರೂಢಿಯಾದ ಅದೇ ವಿನ್ಯಾಸ, ‘ಕೆಜಿಪಿ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳು ಯುನಿಕೋಡ್ ಅಲ್ಲ, ಹಾಗಾಗಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯುನಿಕೋಡಿಗೆ ತರಲು ಅರವಿಂದ ವಿ.ಕೆ. ರೂಪಿಸಿದ ಮುಕ್ತ ಪರಿವರ್ತಕವಿದೆ. ಅವರೇ ಮಾಡಿದ ಗುಬ್ಬಿ, ನವಿಲು ಎಂಬ ಚೆಂದದ ಫಾಂಟುಗಳೂ ಇವೆ. ಒಬ್ಬ ವಕೀಲರ ಗುಮಾಸ್ತನಿಗೋ ಪತ್ರಿಕೆಯ ವರದಿಗಾರ್ತಿಗೋ ಹತ್ತು ವರ್ಷದ ಹಳೆಯ ಕಡತ ಹೀಗೆ ತೆರೆದುಕೊಟ್ಟರೆ ಅದಕ್ಕಿಂತ ದೊಡ್ಡ ಪ್ರಚಾರ ಇನ್ನೊಂದಿಲ್ಲ.

ಶಿಬಿರ ಮುಗಿದ ಮೇಲೆ ಒಂದು ನೋಟುಪುಸ್ತಕದಲ್ಲಿ ಯಂತ್ರದ ಮಾದರಿ, ಹಾಕಿದ ಆವೃತ್ತಿ, ಎದುರಾದ ತೊಡಕು, ಸಿಕ್ಕ ಪರಿಹಾರ ಬರೆದಿಡಿ. ಊರಿನಲ್ಲಿ ಮಾರಾಟವಾದ ಯಂತ್ರಗಳು ಕೆಲವೇ ಮಾದರಿಯವು. ವರ್ಷ ಕಳೆಯುವುದರೊಳಗೆ ಆ ಪುಸ್ತಕ ಯಾವ ವಿಡಿಯೊಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಊರಿಗೆ ಹೇಳುವುದು

ಪ್ರಚಾರವೆಂದರೆ ವಾಟ್ಸ್‌ಆ್ಯಪ್ ಗುಂಪು ಎಂದು ಹಲವರು ತಿಳಿದಿದ್ದಾರೆ. ವಾಟ್ಸ್‌ಆ್ಯಪ್ ಬೇಕು, ಆದರೆ ಎಲ್ಲರೂ ಬರೆಯಬಹುದಾದ ಗುಂಪು ಬೇಡ. ‘ಶುಭೋದಯ’ದ ಹೂವುಗಳೂ ರಾಜಕೀಯದ ವಿಡಿಯೊಗಳೂ ತುಂಬಿ, ಮುಖ್ಯ ಪ್ರಕಟಣೆ ಅವುಗಳ ಕೆಳಗೆ ಹೂತುಹೋಗುತ್ತದೆ. ಮೂವರು ಮಾತ್ರ ಬರೆಯುವ ಪ್ರಕಟಣೆಯ ಗುಂಪು ಒಂದು. ಪ್ರಶ್ನೋತ್ತರಕ್ಕೆ ಬೇರೆಯೇ ಒಂದು. ಮೊದಲಿನದರಲ್ಲಿ ತಿಂಗಳಿಗೆ ಎರಡೇ ಸಂದೇಶ ಹೋಗಲಿ: ಸಭೆಗೆ ವಾರದ ಮುಂಚೆ ಒಂದು, ಹಿಂದಿನ ಸಂಜೆ ಒಂದು.

ಹೊಸಬರು ಬರುವುದು ವಾಟ್ಸ್‌ಆ್ಯಪಿನ ಹೊರಗಿನಿಂದ. ಕಂಪ್ಯೂಟರ್ ರಿಪೇರಿ ಅಂಗಡಿಯವರ ಬಳಿಗೆ ಮೊದಲು ಹೋಗಿ. ಉಚಿತವಾಗಿ ಮಾಡಿಕೊಟ್ಟರೆ ತಮ್ಮ ವ್ಯಾಪಾರಕ್ಕೆ ಪೆಟ್ಟು ಎಂಬ ಅಂಜಿಕೆ ಅವರಿಗಿರುತ್ತದೆ, ಅದು ನ್ಯಾಯವೇ. ಹಾರ್ಡ್‌ವೇರ್ ರಿಪೇರಿ ನಾವು ಮುಟ್ಟುವುದಿಲ್ಲ, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬೇಕಾದವರನ್ನು ನಿಮ್ಮಲ್ಲಿಗೇ ಕಳಿಸುತ್ತೇವೆ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಲಿನಕ್ಸ್ ಹೇಗೂ ಇನ್ನಷ್ಟು ಚುರುಕಾಗುತ್ತದೆ. ಆ ಅಂಗಡಿಯ ಕೌಂಟರಿನ ಮೇಲೆ ನಿಮ್ಮ ಭಿತ್ತಿಪತ್ರ ಅಂಟಿದರೆ, ‘ಈ ಯಂತ್ರ ಇನ್ನು ಪ್ರಯೋಜನವಿಲ್ಲ’ ಎಂದು ಕೇಳಿಸಿಕೊಂಡ ಗಿರಾಕಿಯ ಕಣ್ಣಿಗೆ ಅದೇ ಕ್ಷಣ ಬೀಳುತ್ತದೆ.

ಭಿತ್ತಿಪತ್ರ ಕನ್ನಡದಲ್ಲಿರಲಿ, ಎ4 ಅಳತೆಯದಾಗಿರಲಿ, ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಮಾಡಿದರೂ ಓದುವಂತಿರಲಿ. ‘ಓಪನ್ ಸೋರ್ಸ್ ಕ್ರಾಂತಿ’ ಎಂಬಂಥ ಮಾತು ಯಾರನ್ನೂ ಕರೆತರುವುದಿಲ್ಲ. ‘ವಿಂಡೋಸ್ 10 ನಿಂತಿತೇ? ಕಂಪ್ಯೂಟರ್ ನಿಧಾನವಾಗಿದೆಯೇ? ತನ್ನಿ, ಉಚಿತವಾಗಿ ನೋಡೋಣ’ ಎಂಬ ಮಾತು ಕರೆತರುತ್ತದೆ. ಕೆಳಗೆ ದಿನ, ಹೊತ್ತು, ಜಾಗ, ಜಾಗದ ಗುರುತು. ‘ಗಾಂಧಿ ಸರ್ಕಲ್ ಹತ್ತಿರ, ಅಂಚೆ ಕಚೇರಿ ಹಿಂದೆ’ ಎಂದು ಬರೆದರೆ ನಕ್ಷೆಯ ಕೊಂಡಿಗಿಂತ ಹೆಚ್ಚು ಜನ ತಲುಪುತ್ತಾರೆ.

ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಇಂದಿನ ಕಾರ್ಯಕ್ರಮ’ದ ಅಂಕಣ ಇನ್ನೂ ಜೀವಂತವಾಗಿದೆ, ಅದನ್ನು ಓದುವವರು ಹಿರಿಯರು. ಅವರಲ್ಲಿ ನಿವೃತ್ತ ಶಿಕ್ಷಕರು ಇರುತ್ತಾರೆ, ಬಿಡುವೂ ಇರುತ್ತದೆ, ಹಳೆಯ ಕಂಪ್ಯೂಟರೂ ಇರುತ್ತದೆ. ನಾಲ್ಕು ದಿನ ಮೊದಲೇ, ಯುನಿಕೋಡ್ ಕನ್ನಡದಲ್ಲಿ, ಆರು ಸಾಲಿನ ಟಿಪ್ಪಣಿ ಬರೆದು ಕಚೇರಿಗೆ ಖುದ್ದಾಗಿ ಕೊಡಿ. ನೀವು ಬರೆದದ್ದನ್ನು ಹಾಗೆಯೇ ಹಾಕುವಂತಿದ್ದರೆ ಪ್ರಕಟವಾಗುವ ಸಾಧ್ಯತೆ ಹೆಚ್ಚು. ಆಕಾಶವಾಣಿಯ ಭದ್ರಾವತಿ, ಹಾಸನ, ಧಾರವಾಡ, ಕಲಬುರಗಿ, ಹೊಸಪೇಟೆ, ಚಿತ್ರದುರ್ಗ, ಮಡಿಕೇರಿ ಕೇಂದ್ರಗಳಂಥವು ಸ್ಥಳೀಯ ವಿಷಯಕ್ಕೆ ಕಿವಿಗೊಡುತ್ತವೆ. ಮಂಗಳೂರಿನ ಸಾರಂಗ್‌ನಂಥ ಸಮುದಾಯ ಬಾನುಲಿಗಳೂ ಇವೆ. ‘ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮುನ್ನ’ ಎಂದು ಹತ್ತು ನಿಮಿಷದ ಮಾತು ಒಪ್ಪಿಸಿ.

ವರ್ಷದಲ್ಲಿ ಒಂದೆರಡು ದಿನ ಊರು ತಾನಾಗಿ ಕಿವಿ ತೆರೆದಿರುತ್ತದೆ. ಸೆಪ್ಟೆಂಬರಿನ ಮೂರನೆಯ ಶನಿವಾರ ಜಗತ್ತಿನಾದ್ಯಂತ ತಂತ್ರಾಂಶ ಸ್ವಾತಂತ್ರ್ಯ ದಿನ ಆಚರಿಸುತ್ತಾರೆ. ಆಗಸ್ಟ್ 25, ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ತನ್ನ ಹೊಸ ವ್ಯವಸ್ಥೆಯ ಸುದ್ದಿ ಹಂಚಿದ ದಿನ. ನನ್ನ ಮನಸ್ಸಿಗೆ ಬರುವುದು ಇವುಗಳಿಗಿಂತ ಆಯುಧಪೂಜೆ. ನಮ್ಮಲ್ಲಿ ಕಂಪ್ಯೂಟರಿಗೂ ಕುಂಕುಮವಿಟ್ಟು ಹೂ ಮುಡಿಸುತ್ತಾರೆ. ಅದರ ಹಿಂದಿನ ಭಾನುವಾರ ‘ಪೂಜೆಗೆ ಮೊದಲು ದೂಳು ತೆಗೆಯೋಣ’ ಎಂದು ಬ್ರಷ್, ಬ್ಲೋವರ್ ಇಟ್ಟುಕೊಂಡು ಕೂತರೆ ಸಾಲುಗಟ್ಟಿ ಬರುತ್ತಾರೆ. ಬಂದವರ ಪೈಕಿ ನಾಲ್ವರಾದರೂ ಲಿನಕ್ಸ್ ಕೇಳುತ್ತಾರೆ. ರಾಜ್ಯೋತ್ಸವಕ್ಕೆ ಕನ್ನಡ ಬೆರಳಚ್ಚು, ಕನ್ನಡ ವಿಕಿಪೀಡಿಯ ಸಂಪಾದನೆ ಇಟ್ಟುಕೊಳ್ಳಿ.

ಸಭೆಯ ಒಳಗೆ

ಒಂದು ಸಭೆಗೆ ಒಂದೇ ಮುಖ್ಯ ಮಾತು, 20 ನಿಮಿಷ ಮೀರದಂತೆ. ಸ್ಲೈಡುಗಳಿಗಿಂತ ಪರದೆಯ ಮೇಲೆ ಮಾಡಿ ತೋರಿಸುವುದು ಮೇಲು. ಮಾತು ಕನ್ನಡದಲ್ಲಿರಲಿ, ‘ಫೈಲ್’, ‘ಫೋಲ್ಡರ್’, ‘ಟರ್ಮಿನಲ್’ ಎಂಬವು ಕನ್ನಡವೇ ಆಗಿಹೋಗಿವೆ, ಅವಕ್ಕೆ ಸಂಸ್ಕೃತದ ಉಡುಪು ತೊಡಿಸಬೇಕಿಲ್ಲ. ಬಳ್ಳಾರಿಯಲ್ಲಿ ತೆಲುಗು, ಬೆಳಗಾವಿಯಲ್ಲಿ ಮರಾಠಿ, ಕರಾವಳಿಯಲ್ಲಿ ತುಳು, ಕಲಬುರಗಿಯಲ್ಲಿ ದಖ್ಖನಿ ಬೆರೆತರೆ ಬೆರೆಯಲಿ. ಬೆಂಗಳೂರಿನಿಂದ ದೊಡ್ಡ ಹೆಸರಿನವರನ್ನು ಕರೆಸುವ ಆತುರ ಬೇಡ. ಹಿಂದಿನ ತಿಂಗಳು ಲಿನಕ್ಸ್ ಹಾಕಿಸಿಕೊಂಡ ಅಂಗಡಿಯವರು ತಮ್ಮ ಬಿಲ್ಲನ್ನು ಲಿಬ್ರೆ ಆಫೀಸಿನಲ್ಲಿ ಹೇಗೆ ಮಾಡಿಕೊಂಡರೆಂದು ಐದು ನಿಮಿಷ ಹೇಳಿದರೆ, ಕೂತವರಿಗೆ ‘ನನ್ನಿಂದಲೂ ಆದೀತು’ ಎನಿಸುತ್ತದೆ.

ಬಾಗಿಲ ಬಳಿ ಒಬ್ಬರು ನಿಂತಿರಬೇಕು. ಹೊಸಬರು ಬಂದೊಡನೆ ಹೆಸರು ಕೇಳಿ, ಯಾಕೆ ಬಂದರೆಂದು ತಿಳಿದು, ಸರಿಯಾದವರ ಪಕ್ಕ ಕೂರಿಸುವುದೇ ಅವರ ಕೆಲಸ. ಕೋಣೆಯಲ್ಲಿ ತಾನೊಬ್ಬಳೇ ಹೆಣ್ಣು ಎಂದು ಕಂಡ ವಿದ್ಯಾರ್ಥಿನಿ ಎರಡನೆಯ ಸಲ ಬರುವುದು ಕಡಿಮೆ. ಹಾಗಾಗಿ ಗೆಳತಿಯನ್ನೂ ಕರೆತರಲು ಮೊದಲೇ ಹೇಳಿ. ನಡೆಸುವ ಮೂವರಲ್ಲಿ ಒಬ್ಬರು ಮಹಿಳೆಯಾಗಿರಲಿ. ‘ಇಷ್ಟೂ ಗೊತ್ತಿಲ್ಲವಾ’ ಎಂಬ ಮಾತಿಗೆ ಕೂಟದಲ್ಲಿ ಜಾಗವಿಲ್ಲವೆಂದು ಗೋಡೆಯ ಮೇಲೆ ಬರೆದು ಹಾಕಿ. ಕಿರುಕುಳವಾದರೆ ಯಾರಿಗೆ ಹೇಳಬೇಕು, ಹೇಳಿದರೆ ಏನಾಗುತ್ತದೆ ಎಂಬುದೂ ಅದರ ಕೆಳಗೆ ಇರಲಿ. ಫೋಟೊ ತೆಗೆಯುವ ಮುಂಚೆ ಕೇಳಿ.

ಮೂರನೆಯ ಅಥವಾ ನಾಲ್ಕನೆಯ ತಿಂಗಳು ಜನ ಕಡಿಮೆಯಾಗುತ್ತಾರೆ. ಪರೀಕ್ಷೆ, ಮಲೆನಾಡಾದರೆ ಮಳೆ, ಬಯಲುಸೀಮೆಯಾದರೆ ಏಪ್ರಿಲಿನ ಬಿಸಿಲು, ಮದುವೆಗಳ ಸುಗ್ಗಿ ಹೀಗೆ ಏನಾದರೊಂದು ಕಾರಣ ಇದ್ದೇ ಇರುತ್ತದೆ. ಅಂದು ಮೂವರೇ ಬಂದರೂ ಸಭೆ ನಡೆಸಿ, ನಡೆಯಿತೆಂದು ಎರಡು ಸಾಲು ಪ್ರಕಟಿಸಿ. ‘ಈ ತಿಂಗಳು ರದ್ದು’ ಎಂಬ ಒಂದು ಸಂದೇಶ ಹಾಕಿದರೆ ಅದರ ಮುಂದಿನ ತಿಂಗಳು ‘ಇದೆಯೋ ಇಲ್ಲವೋ’ ಎಂಬ ಅನುಮಾನ ಹುಟ್ಟುತ್ತದೆ, ಅನುಮಾನ ಬಂದವರು ಬಸ್ಸು ಹತ್ತುವುದಿಲ್ಲ.

ದುಡ್ಡು

ಮೊದಲ ವರ್ಷ ದುಡ್ಡು ಬೇಡವೇ ಬೇಡ. ಚಹಾಕ್ಕೆ ಬಂದವರೇ ಹತ್ತು ರೂಪಾಯಿ ಡಬ್ಬಿಗೆ ಹಾಕಲಿ, ಲೆಕ್ಕವನ್ನು ಅಂದೇ ಎಲ್ಲರೆದುರು ಓದಿ. ಕೋಚಿಂಗ್ ಸೆಂಟರಿನವರು ಬ್ಯಾನರ್ ಕಟ್ಟುತ್ತೇವೆ, ಊಟ ಕೊಡುತ್ತೇವೆ ಎಂದು ಬರುತ್ತಾರೆ. ಬಂದವರ ಫೋನ್ ನಂಬರುಗಳೇ ಅವರಿಗೆ ಬೇಕಾದದ್ದು ಎಂದು ತಿಳಿದಿರಿ, ಆ ಪಟ್ಟಿಯನ್ನು ಯಾರಿಗೂ ಕೊಡಬೇಡಿ. ಅನುದಾನ ಪಡೆಯುವ, ಬ್ಯಾಂಕ್ ಖಾತೆ ತೆರೆಯುವ ಹಂತ ಬಂದಾಗ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಕನಿಷ್ಠ 7 ಮಂದಿ ಸೇರಿ ಸಂಘ ನೋಂದಾಯಿಸಬಹುದು. ಆಮೇಲೆ ವರ್ಷವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವ ಹೊಣೆಯೂ ಬರುತ್ತದೆ. ಅಧ್ಯಕ್ಷ, ಕಾರ್ಯದರ್ಶಿ ಯಾರೆಂಬ ಜಗ್ಗಾಟ ಕೆಲಸಕ್ಕಿಂತ ಮೊದಲೇ ಶುರುವಾದರೆ ಕೂಟಕ್ಕೆ ಕೆಡುಕು. ಅಗತ್ಯ ಬೀಳುವವರೆಗೆ ನೋಂದಣಿ ಮುಂದೂಡಿ.

ಎರಡನೆಯ ವರ್ಷ

ಇನ್‌ಸ್ಟಾಲ್ ಮಾಡುವುದಷ್ಟೇ ಆದರೆ ನುರಿತವರಿಗೆ ಬೇಸರ ಬರುತ್ತದೆ. ಅವರ ಕೈಗೆ ಊರಿನದೇ ಒಂದು ಕೆಲಸ ಕೊಡಿ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ನಿಮ್ಮೂರಿನ ಕೆರೆ, ಗುಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಓಣಿಗಳು ಇವೆಯೇ ನೋಡಿ. ಇಲ್ಲದಿದ್ದರೆ ನಡೆದು ಸೇರಿಸಿ, ಕನ್ನಡ ಹೆಸರಿಗೆಂದೇ ಇರುವ ಖಾನೆಯನ್ನು ಸರಿಯಾದ ಕಾಗುಣಿತದಲ್ಲಿ ತುಂಬಿ. ಫೈರ್‌ಫಾಕ್ಸಿನ ಕನ್ನಡ ಅನುವಾದವನ್ನು ಪಂಟೂನ್ ಎಂಬ ತಾಣದಲ್ಲಿ, ಲಿಬ್ರೆ ಆಫೀಸಿನದನ್ನು ವೆಬ್ಲೇಟಿನಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಪ್ರೋಗ್ರಾಮಿಂಗ್ ಬಾರದ ಕನ್ನಡ ಉಪನ್ಯಾಸಕರು ಇಲ್ಲಿ ಎಂಜಿನಿಯರುಗಳಿಗಿಂತ ಮುಂದಿರುತ್ತಾರೆ, ಅವರಿಗಾಗಿಯೇ ಒಂದು ಭಾನುವಾರ ಮೀಸಲಿಡಿ. ಸರ್ಕಾರಿ ಶಾಲೆಯೊಂದರ ಲ್ಯಾಬನ್ನು ದತ್ತು ತೆಗೆದುಕೊಳ್ಳುವುದಾದರೆ ಮುಖ್ಯೋಪಾಧ್ಯಾಯರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ವರ್ಷಕ್ಕೊಮ್ಮೆ ಅಲ್ಲ, ಎರಡು ತಿಂಗಳಿಗೊಮ್ಮೆ ಹೋಗುವೆವೆಂದು ಮಾತು ಕೊಡುವಷ್ಟು ಜನರಿದ್ದರೆ ಮಾತ್ರ ಒಪ್ಪಿಕೊಳ್ಳಿ.

ಅಷ್ಟು ಹೊತ್ತಿಗೆ ಮೊದಲ ಮೂವರ ಕೈಯಲ್ಲಿರುವ ಎಲ್ಲವೂ, ಕೋಣೆಯ ಬೀಗದ ಕೈ, ಪ್ರಕಟಣೆಯ ಗುಂಪಿನ ನಿರ್ವಹಣೆ, ಎಕ್ಸ್‌ಟೆನ್ಷನ್ ಬೋರ್ಡಿನ ಚೀಲ, ನೋಟುಪುಸ್ತಕ, ಇನ್ನೂ ಇಬ್ಬರ ಕೈಗಾದರೂ ಹೋಗಿರಬೇಕು. ಒಂದು ಸಭೆಗೆ ಬೇಕೆಂದೇ ಹೋಗದೆ ಉಳಿಯಿರಿ. ನೀವಿಲ್ಲದೆ ಬಾಗಿಲು ತೆರೆಯಿತೇ, ಹೊಸಬರನ್ನು ಮಾತಾಡಿಸಿದರೇ, ಮುಂದಿನ ತಿಂಗಳ ಪ್ರಕಟಣೆ ಹೋಯಿತೇ ಎಂದು ಮರುದಿನ ಕೇಳಿ ತಿಳಿಯಿರಿ.

ಪಕ್ಕದ ತಾಲ್ಲೂಕಿನಿಂದ ಬಸ್ಸಿನಲ್ಲಿ ಬರುವವರೊಬ್ಬರು ಎಲ್ಲ ಕೂಟಗಳಲ್ಲೂ ಇರುತ್ತಾರೆ. ಅವರಿಗೆ ವೆಂಟಾಯ್ ಹಾಕಿದ ಒಂದು ಪೆನ್‌ಡ್ರೈವ್, ನೋಟುಪುಸ್ತಕದ ಜೆರಾಕ್ಸ್ ಪ್ರತಿ, ಭಿತ್ತಿಪತ್ರದ ಕಡತ ಕೊಟ್ಟು ಅವರೂರಿನಲ್ಲೇ ಶುರುಮಾಡಲು ಹೇಳಿ. ಮೊದಲ ಎರಡು ಸಭೆಗೆ ನಿಮ್ಮಲ್ಲೊಬ್ಬರು ಹೋಗಿ ಜೊತೆಗೆ ಕೂರಲಿ. ದಿನವನ್ನು ಮಾತ್ರ ನಿಮ್ಮದಕ್ಕಿಂತ ಬೇರೆ ವಾರಕ್ಕೆ ಇಟ್ಟುಕೊಳ್ಳಲಿ. ಆಗ ಎರಡೂ ಊರಿನವರು ಎರಡೂ ಕಡೆ ಹೋಗಿಬರಬಹುದು.